ರೂಟರ್‌ನಿಂದ ಬೇಕಾದ ರೆಕಾರ್ಡ್ ಮಾತ್ರ ತರ್ಸೋದು: ಸಬ್‌ಟ್ರೀ, ಎಕ್ಸ್‌ಪಾತ್, ರೆಸ್ಟ್‌ಕಾನ್ಫ್, ಜಿಎನ್‌ಎಂಐ ನಾಲ್ಕನ್ನೂ ಓಡಿಸಿ ನೋಡಿದ ಹೋಲಿಕೆ

ಇಡೀ ಕಾನ್ಫಿಗ್ ಎಳ್ಕೊಂಡು ಬಂದು ಆಮೇಲೆ ಪೈಥಾನ್‌ನಲ್ಲಿ ಸೋಸೋ ಸ್ಕ್ರಿಪ್ಟ್‌ಗಳು ಈಗಲೂ ಎಷ್ಟೋ ಟೀಮ್‌ಗಳಲ್ಲಿ ಓಡ್ತಿವೆ. ಒಂದೇ ಒಂದು ಇಂಟರ್‌ಫೇಸ್‌ನ ಡಿಸ್ಕ್ರಿಪ್ಶನ್ ನೋಡೋಕೆ ರಾಶಿ ಎಕ್ಸ್‌ಎಂಎಲ್ ಇಳಿಸೋದು, ಅದನ್ನ ಪಾರ್ಸ್ ಮಾಡೋದು, ಮುಕ್ಕಾಲು ಪಾಲು ಬಿಸಾಕೋದು. ಡಿವೈಸ್‌ಗೇ "ನಂಗೆ ಇಷ್ಟೇ ಸಾಕು" ಅಂತ ಹೇಳೋ ದಾರಿ 2006ರಲ್ಲಿ ನೆಟ್‌ಕಾನ್ಫ್ (ಡಿವೈಸ್‌ನ ಕಾನ್ಫಿಗ್ ಓದಿ ಬದಲಿಸೋ ಪ್ರೋಟೋಕಾಲ್) ಬಂದಾಗಿಂದಲೂ ಇದೆ, ಈಗ ಒಂದಲ್ಲ ನಾಲ್ಕು ದಾರಿ ಇವೆ, ನೆಟ್‌ಕಾನ್ಫ್ ಒಳಗೇ ಸಬ್‌ಟ್ರೀ ಮತ್ತೆ ಎಕ್ಸ್‌ಪಾತ್ ಅಂತ ಎರಡು ಫಿಲ್ಟರ್, ಅದರ ಜೊತೆ ರೆಸ್ಟ್‌ಕಾನ್ಫ್ ಮತ್ತೆ ಜಿಎನ್‌ಎಂಐ ಅನ್ನೋ ಬೇರೆ ಎರಡು ಪ್ರೋಟೋಕಾಲ್, ಆದ್ರೆ ಯಾವ್ದನ್ನ ಎಲ್ಲಿ ಬಳಸ್ಬೇಕು ಅನ್ನೋದಕ್ಕೆ ಕನ್ನಡದಲ್ಲಿ ಕೂತು ಬರೆದವರನ್ನ ನಾನ್ ನೋಡಿಲ್ಲ, ಅದಕ್ಕೇ ಇದು.

ಟ್ರೈ ಮಾಡಿದ ಜಾಗ ಹೇಳ್ಬಿಡ್ತೀನಿ. ಲ್ಯಾಪ್‌ಟಾಪ್ ಮೇಲೆ ನೆಟ್‌ಒಪೀರ್2 ಅನ್ನೋ ನೆಟ್‌ಕಾನ್ಫ್ ಸರ್ವರ್ ಮತ್ತೆ ಅದರ ಕೆಳಗೆ ಡೇಟಾ ಇಟ್ಕೊಳ್ಳೋ ಸಿಸ್‌ರೆಪೊ, ಜೊತೆಗೆ ಬೇರೆ ಬೇರೆ ಕಂಪನಿಗಳ ವರ್ಚುವಲ್ ರೂಟರ್‌ಗಳು. ಈ ಕಡೆಯಿಂದ ಕೇಳೋಕೆ ನೆಟ್‌ಕಾನ್ಫ್‌ಗೆ ಪೈಥಾನ್‌ನ ಎನ್‌ಸಿಕ್ಲೈಂಟ್, ರೆಸ್ಟ್‌ಕಾನ್ಫ್‌ಗೆ ಕರ್ಲ್, ಜಿಎನ್‌ಎಂಐಗೆ ಜಿಎನ್‌ಎಂಐಸಿ. ಎಲ್ಲಾ ಕಡೆ ಒಂದೇ ಥರದ ಪ್ರಶ್ನೆ ಕೇಳಿದೆ. ಹೆಸರು ಗೊತ್ತಿರೋ ಒಂದು ಇಂಟರ್‌ಫೇಸ್ ಕೊಡು, ಆಫ್ ಮಾಡಿರೋವೆಲ್ಲ ಕೊಡು, ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) 1500ಕ್ಕಿಂತ ಕಮ್ಮಿ ಇರೋವು ಕೊಡು, ಒಂದು ರೂಟ್ ಮಾತ್ರ ಕೊಡು. ಆಮೇಲೆ ಬೇಕಂತಲೇ ತಪ್ಪು ಹೆಸರು, ತಪ್ಪು ನೇಮ್‌ಸ್ಪೇಸ್ (ಒಂದು ಟ್ಯಾಗ್ ಯಾವ ಮಾಡೆಲ್‌ಗೆ ಸೇರಿದ್ದು ಅನ್ನೋ ಗುರುತು) ಕೊಟ್ಟು ಏನಾಗುತ್ತೆ ನೋಡಿದೆ. ನನ್ ಪ್ರಕಾರ ಈ ಕೊನೇ ಟೆಸ್ಟೇ ಮುಖ್ಯ. ಸರಿಯಾಗಿ ಕೇಳಿದಾಗ ಎಲ್ಲವೂ ಸರಿಯಾಗೇ ಉತ್ತರ ಕೊಡುತ್ವೆ, ತಪ್ಪಾಗಿ ಕೇಳಿದಾಗ ಯಾವ್ದು ಬಾಯಿ ಬಿಟ್ಟು ಹೇಳುತ್ತೆ ಯಾವ್ದು ಸುಮ್ನೆ ಖಾಲಿ ಉತ್ತರ ಕಳ್ಸುತ್ತೆ ಅನ್ನೋದ್ರ ಮೇಲೆ ನಿಮ್ಮ ಆಟೋಮೇಷನ್ ಸ್ಕ್ರಿಪ್ಟ್ ನಂಬಬಹುದಾ ಇಲ್ವಾ ಅನ್ನೋದು ನಿಂತಿದೆ.

ಮೊದ್ಲು ಕೀ ವಿಷ್ಯ, ಯಾಕಂದ್ರೆ ಉಳಿದಿದ್ದೆಲ್ಲ ಅದ್ರ ಮೇಲೇ ಕೂತಿದೆ. ಯಾಂಗ್ (ಡಿವೈಸ್‌ನ ಡೇಟಾ ಯಾವ ಆಕಾರದಲ್ಲಿರುತ್ತೆ ಅಂತ ಬರೆಯೋ ಭಾಷೆ) ಮಾಡೆಲ್‌ನಲ್ಲಿ ಲಿಸ್ಟ್ ಅಂದ್ರೆ ರೆಕಾರ್ಡ್‌ಗಳ ಸಾಲು, ಪ್ರತೀ ರೆಕಾರ್ಡ್‌ನ ಗುರುತು ಅದರ ಕೀ. ಇಂಟರ್‌ಫೇಸ್‌ಗೆ ನೇಮ್ ಅನ್ನೋ ಒಂದೇ ಕೀ, ಸ್ಟ್ಯಾಂಡರ್ಡ್ ರೂಟಿಂಗ್ ಮಾಡೆಲ್‌ನ ಕಂಟ್ರೋಲ್ ಪ್ಲೇನ್ ಪ್ರೋಟೋಕಾಲ್ ಲಿಸ್ಟ್‌ಗೆ ಟೈಪ್ ಮತ್ತೆ ನೇಮ್ ಅಂತ ಎರಡು. ಕಾನ್ಫಿಗ್ ಲಿಸ್ಟ್‌ಗೆ ಕೀ ಇರ್ಲೇಬೇಕು, ಬರೀ ಸ್ಟೇಟ್ (ಡಿವೈಸ್ ಈಗ ಹೇಗಿದೆ ಅನ್ನೋದು) ತೋರ್ಸೋ ಲಿಸ್ಟ್‌ಗೆ ಇಲ್ದೇನೂ ಇರಬಹುದು, ಈ ಸಣ್ಣ ವಿನಾಯ್ತಿ ಮುಂದೆ ದೊಡ್ಡ ತಲೆನೋವು ಕೊಡುತ್ತೆ, ಆಮೇಲೆ ಬರ್ತೀನಿ. ಸಿಎಲ್‌ಐ ಅಂದ್ರೆ ಕಮಾಂಡ್ ಲೈನ್‌ನಲ್ಲಿ ಇಂಟರ್‌ಫೇಸ್ ಹೆಸರನ್ನ ಎರಡಕ್ಷರಕ್ಕೆ ಕತ್ತರಿಸಿ ಬರೆದು ಅಭ್ಯಾಸ ಆದವರಿಗೆ ಇಲ್ಲಿ ಹೊಂದಿಕೊಳ್ಳೋಕೆ ಸ್ವಲ್ಪ ಹೊತ್ತು ಬೇಕು, ಕೀ ಅಂದ್ರೆ ಪೂರ್ತಿ ಹೆಸರು, ದೊಡ್ಡಕ್ಷರ ಚಿಕ್ಕಕ್ಷರ ಸಮೇತ, ಶಾರ್ಟ್‌ಕಟ್ ನಡೆಯಲ್ಲ.

ಈಗ ಸಬ್‌ಟ್ರೀ ಫಿಲ್ಟರ್. ಇದನ್ನ ಹಳೇ ಕಾಲದ್ದು ಅಂತ ಬದಿಗೆ ತಳ್ಳೋರೇ ಜಾಸ್ತಿ, ನಂಗೆ ಆ ಮಾತು ಒಪ್ಪಿಗೆ ಇಲ್ಲ. ಬೇಕಾದ ಡೇಟಾದ ಆಕಾರದಲ್ಲೇ ಒಂದು ಎಕ್ಸ್‌ಎಂಎಲ್ ತುಂಡು ಬರೆದು ಕಳ್ಸಿದ್ರೆ ಸಾಕು, ಅದಕ್ಕೆ ಹೊಂದೋದೆಲ್ಲ ಬರುತ್ತೆ. ಮಕ್ಕಳಿಲ್ಲದ ಖಾಲಿ ಟ್ಯಾಗ್ ಇಟ್ರೆ "ಇದನ್ನ ಕೊಡು" ಅಂತ ಅರ್ಥ, ಟ್ಯಾಗ್ ಒಳಗೆ ಬೆಲೆ ಬರೆದ್ರೆ "ಈ ಬೆಲೆ ಇರೋ ರೆಕಾರ್ಡ್ ಮಾತ್ರ" ಅಂತ ಅರ್ಥ. ಆ ಬೆಲೆ ಕೀಗೇ ಸೇರಿರ್ಬೇಕು ಅಂತೇನಿಲ್ಲ, ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಇಂಟರ್‌ಫೇಸ್ ಒಳಗೆ ಎನೇಬಲ್ಡ್ ಅನ್ನೋ ಟ್ಯಾಗ್‌ನಲ್ಲಿ ಫಾಲ್ಸ್ ಅಂತ ಬರೆದು ಕಳ್ಸಿದೆ, ಆಫ್ ಆಗಿರೋವಷ್ಟೂ ಪೂರ್ತಿ ರೆಕಾರ್ಡ್ ಸಮೇತ ಬಂದ್ವು. ಪಕ್ಕದಲ್ಲೇ ಡಿಸ್ಕ್ರಿಪ್ಶನ್ ಅಂತ ಖಾಲಿ ಟ್ಯಾಗ್ ಸೇರಿಸಿದ ತಕ್ಷಣ ಪೂರ್ತಿ ರೆಕಾರ್ಡ್ ಬದಲು ಡಿಸ್ಕ್ರಿಪ್ಶನ್ನು, ನಾನ್ ಕೊಟ್ಟ ಎನೇಬಲ್ಡು, ಜೊತೆಗೆ ಗುರುತಿಗೆ ಅಂತ ಡಿವೈಸೇ ಸೇರಿಸಿದ ನೇಮು, ಅಷ್ಟೇ ಬಂತು. ಒಂದೇ ರೆಕಾರ್ಡ್ ಒಳಗೆ ಎರಡು ಬೆಲೆ ಕೊಟ್ರೆ ಎರಡೂ ಹೊಂದ್ಬೇಕು, ಇಂಟರ್‌ಫೇಸ್ ಟ್ಯಾಗನ್ನೇ ಎರಡು ಸಲ ಬರೆದ್ರೆ ಇದೂ ಕೊಡು ಅದೂ ಕೊಡು. ಇಷ್ಟರಲ್ಲಿ ದಿನನಿತ್ಯದ ಕೆಲಸ ಬಹುಪಾಲು ಮುಗಿಯುತ್ತೆ ಅಂತ ಧೈರ್ಯವಾಗಿ ಹೇಳ್ತೀನಿ.

ಆಗದೇ ಇರೋದು ಏನಂದ್ರೆ ಸಮ ಅನ್ನೋದು ಬಿಟ್ಟು ಬೇರೆ ಯಾವ ಹೋಲಿಕೆಯೂ ಇಲ್ಲ. ಕಮ್ಮಿ ಜಾಸ್ತಿ ಇಲ್ಲ, ಇಂಥದ್ರಿಂದ ಶುರುವಾಗೋದು ಅನ್ನೋಹಾಗಿಲ್ಲ, ಅಲ್ಲ ಅನ್ನೋದೂ ಇಲ್ಲ. ಎಂಟಿಯು 1500ಕ್ಕಿಂತ ಕಮ್ಮಿ ಅನ್ನೋ ಪ್ರಶ್ನೆಗೆ ಸಬ್‌ಟ್ರೀ ಕೈ ಎತ್ತುತ್ತೆ, ಎಲ್ಲಾ ಎಂಟಿಯು ತಂದು ನೀವೇ ಆರಿಸ್ಕೋಬೇಕು. ಆದ್ರೂ ನೇಮ್ ಮತ್ತೆ ಎಂಟಿಯು ಮಾತ್ರ ತರ್ಸೋದು ಇಡೀ ಕಾನ್ಫಿಗ್ ತರ್ಸೋದಕ್ಕಿಂತ ಎಷ್ಟೋ ಹಗುರ, ಅದನ್ನ ಸೋಲು ಅಂತ ನಾನ್ ಕರೆಯಲ್ಲ.

ಇದಕ್ಕಿಂತ ಕಷ್ಟದ ಮಿತಿ ಇನ್ನೊಂದಿದೆ, ಇದನ್ನ ಕೆಲಸಕ್ಕೆ ಇಳಿಯೋ ತನಕ ಯಾರೂ ಗಮನಿಸಲ್ಲ. ಪ್ರಿಫಿಕ್ಸ್ ಲೆಂತ್ 31 ಇರೋ ಅಡ್ರೆಸ್ ಯಾವ ಇಂಟರ್‌ಫೇಸ್ ಮೇಲಿದ್ಯೋ ಆ ಇಂಟರ್‌ಫೇಸ್‌ಗಳ ಡಿಸ್ಕ್ರಿಪ್ಶನ್ ಬೇಕು ಅಂದ್ಕೊಳ್ಳಿ, ಪಾಯಿಂಟ್ ಟು ಪಾಯಿಂಟ್ ಲಿಂಕ್‌ಗಳ ಪಟ್ಟಿ ಮಾಡೋವಾಗ ಸಹಜವಾಗಿ ಬರೋ ಪ್ರಶ್ನೆ. ಸಬ್‌ಟ್ರೀನಲ್ಲಿ ಇಂಟರ್‌ಫೇಸ್ ಒಳಗೆ ಐಪಿವಿ4, ಅದರೊಳಗೆ ಅಡ್ರೆಸ್, ಅದರೊಳಗೆ ಪ್ರಿಫಿಕ್ಸ್ ಲೆಂತ್ 31 ಅಂತ ಬರೆದೆ. ಅಡ್ರೆಸ್ ರೆಕಾರ್ಡ್‌ಗಳು ಸರಿಯಾಗೇ ಸೋಸಿ ಬಂದ್ವು. ಈಗ ಮೇಲೆ ಇಂಟರ್‌ಫೇಸ್ ಮಟ್ಟದಲ್ಲಿ ಡಿಸ್ಕ್ರಿಪ್ಶನ್ ಅಂತ ಖಾಲಿ ಟ್ಯಾಗ್ ಸೇರಿಸಿದ್ರೆ ಎಲ್ಲಾ ಇಂಟರ್‌ಫೇಸ್‌ಗಳ ಡಿಸ್ಕ್ರಿಪ್ಶನ್ನೂ ಬರುತ್ತೆ, 31 ಇರ್ಲಿ ಬಿಡ್ಲಿ. ಯಾಕಂದ್ರೆ ಬೆಲೆ ಹೊಂದಿಸೋದು ಅದೇ ಮಟ್ಟದ ಪಕ್ಕದ ಟ್ಯಾಗ್‌ಗಳಿಗೆ ಮಾತ್ರ ಕಾವಲು, ಮೊಮ್ಮಗನ ಬೆಲೆ ನೋಡಿ ಅಜ್ಜನನ್ನ ಆರಿಸೋಕೆ ಸಬ್‌ಟ್ರೀಗೆ ಬರಲ್ಲ.

ಎಕ್ಸ್‌ಪಾತ್ ಅಂದ್ರೆ ಎಕ್ಸ್‌ಎಂಎಲ್ ಒಳಗಿನ ದಾರಿ ಮತ್ತೆ ಷರತ್ತು ಬರೆಯೋ ಭಾಷೆ, ಅದಕ್ಕೆ ಇದು ನೀರು ಕುಡಿದಷ್ಟು ಸುಲಭ. ಇಂಟರ್‌ಫೇಸ್ ಆದ್ಮೇಲೆ ಚೌಕ ಬ್ರಾಕೆಟ್ ಒಳಗೆ ಐಪಿವಿ4/ಅಡ್ರೆಸ್/ಪ್ರಿಫಿಕ್ಸ್-ಲೆಂತ್=31 ಅಂತ ಷರತ್ತು, ಬ್ರಾಕೆಟ್ ಮುಚ್ಚಿ ಸ್ಲ್ಯಾಶ್ ಡಿಸ್ಕ್ರಿಪ್ಶನ್. ಒಂದೇ ಸಾಲು. ಬರೋ ಉತ್ತರದಲ್ಲಿ ಬೇರಿನಿಂದ ಆ ಜಾಗದ ತನಕ ದಾರಿ, ಮಧ್ಯದ ಕೀಗಳು ಎಲ್ಲಾ ಸೇರಿಸಿ ಕೊಡ್ಬೇಕು ಅಂತ ನೆಟ್‌ಕಾನ್ಫ್‌ನ ಸ್ಟ್ಯಾಂಡರ್ಡ್ ದಾಖಲೆ ಆರ್‌ಎಫ್‌ಸಿ 6241 ಹೇಳುತ್ತೆ, ಹಾಗಾಗಿ ಯಾವ ಡಿಸ್ಕ್ರಿಪ್ಶನ್ ಯಾರದ್ದು ಅನ್ನೋ ಗೊಂದಲ ಇಲ್ಲ. ಎಂಟಿಯು ಕಮ್ಮಿ ಇರೋವು, ಹೆಸರು ಇಂಥದ್ರಿಂದ ಶುರುವಾಗೋವು, ಡಿಸ್ಕ್ರಿಪ್ಶನ್ನೇ ಇಲ್ದೇ ಇರೋವು, ಇವೆಲ್ಲ ಒಂದೊಂದು ಸಾಲಲ್ಲಿ ಬಂದ್ವು. ನಿಜವಾಗ್ಲೂ ಖುಷಿ ಆಗುತ್ತೆ, ಗೊತ್ತಿಲ್ಲದ ಡಿವೈಸ್ ಒಳಗೆ ಏನಿದೆ ಅಂತ ಹುಡುಕಾಡೋಕೆ ಇದಕ್ಕಿಂತ ಒಳ್ಳೇದು ಈ ನಾಲ್ಕರಲ್ಲಿ ಇನ್ನೊಂದಿಲ್ಲ.

ಹಾಗಾದ್ರೆ ಎಲ್ಲಾ ಕಡೆ ಅದೇ ಬಳಸಬಹುದಲ್ಲ ಅಂದ್ರೆ, ಇಲ್ಲ. ಮೊದಲ್ನೇದಾಗಿ ನೆಟ್‌ಕಾನ್ಫ್‌ನಲ್ಲಿ ಎಕ್ಸ್‌ಪಾತ್ ಐಚ್ಛಿಕ. ಸೆಷನ್ ಶುರುವಾಗೋವಾಗ ಬರೋ ಹಲೋ ಮೆಸೇಜ್‌ನಲ್ಲಿ ಎಕ್ಸ್‌ಪಾತ್ ಕೇಪಬಿಲಿಟಿ ಇದ್ರೆ ಮಾತ್ರ ಕೇಳ್ಬೇಕು, ನಾನು ಟ್ರೈ ಮಾಡಿದ ರೂಟರ್‌ಗಳಲ್ಲಿ ಕೆಲವು ಅದನ್ನ ಹೇಳ್ಕೊಳ್ಳಲೇ ಇಲ್ಲ. ನಾಲ್ಕು ಕಂಪನಿ ಡಬ್ಬ ಬೆರೆತಿರೋ ನೆಟ್‌ವರ್ಕ್‌ನಲ್ಲಿ ಇದೊಂದೇ ಕಾರಣ ಸಾಕು. ಎರಡನೇದು ಎಕ್ಸ್‌ಪಾತ್ 1.0ದ ಸ್ವಭಾವ. ಎನೇಬಲ್ಡ್ ಫಾಲ್ಸ್ ಆಗಿರೋವು ಬೇಕು ಅಂತ [ಎನೇಬಲ್ಡ್=ಫಾಲ್ಸ್()] ಅಂತ ಬರೆದ್ರೆ ಪ್ರೋಗ್ರಾಮಿಂಗ್ ಬಲ್ಲವರ ಕಣ್ಣಿಗೆ ಸರಿಯಾಗೇ ಕಾಣುತ್ತೆ, ಆದ್ರೆ ಅಲ್ಲಿ ಎಡಗಡೆ ಇರೋದು ನೋಡ್ ಸೆಟ್ಟು (ಹೊಂದಿದ ಟ್ಯಾಗ್‌ಗಳ ಗುಂಪು), ಬೂಲಿಯನ್ ಜೊತೆ ಹೋಲಿಸಿದಾಗ ಅದು "ಎನೇಬಲ್ಡ್ ಅನ್ನೋ ನೋಡ್ ಇದ್ಯಾ ಇಲ್ವಾ" ಅನ್ನೋ ಪ್ರಶ್ನೆ ಆಗ್ಬಿಡುತ್ತೆ, ಅಂದ್ರೆ ಆ ನೋಡೇ ಇಲ್ಲದ ಇಂಟರ್‌ಫೇಸ್‌ಗಳು ಬರುತ್ವೆ, ಆಫ್ ಆಗಿರೋವು ಬರಲ್ಲ! ಕೋಟ್ ಹಾಕಿ ='ಫಾಲ್ಸ್' ಅಂತಲೇ ಬರೀಬೇಕು. ಈ ಥರ ತಪ್ಪಿಗೆ ಎರರ್ ಬರಲ್ಲ, ತಪ್ಪು ಉತ್ತರ ಬರುತ್ತೆ, ಅದೇ ಅಪಾಯ. ಹಾಗೇ [1] ಅಂತ ಸ್ಥಾನದ ಲೆಕ್ಕದಲ್ಲಿ ರೆಕಾರ್ಡ್ ಎತ್ತೋದು ಬೇಡವೇ ಬೇಡ, ಬಳಕೆದಾರರೇ ಕ್ರಮ ಕೊಡೋ ಲಿಸ್ಟ್ ಬಿಟ್ಟು ಬೇರೆಯವುಗಳಲ್ಲಿ ಇವತ್ತು ಮೊದಲಿರೋದು ನಾಳೆನೂ ಮೊದಲೇ ಇರುತ್ತೆ ಅಂತ ಯಾರೂ ಭರವಸೆ ಕೊಟ್ಟಿಲ್ಲ. ಇನ್ನು ಹೆಸರಿನಲ್ಲಿ ಸಿಂಗಲ್ ಕೋಟು ಡಬಲ್ ಕೋಟು ಎರಡೂ ಇದ್ರೆ ಎಕ್ಸ್‌ಪಾತ್ 1.0ರಲ್ಲಿ ಅದನ್ನ ಎಸ್ಕೇಪ್ ಮಾಡೋ ದಾರಿನೇ ಇಲ್ಲ, ಕಾನ್‌ಕ್ಯಾಟ್ ಹಾಕಿ ತುಂಡು ಜೋಡಿಸ್ಬೇಕು. ಬಳಕೆದಾರರು ಟೈಪ್ ಮಾಡಿದ ಡಿಸ್ಕ್ರಿಪ್ಶನನ್ನ ನೇರವಾಗಿ ಎಕ್ಸ್‌ಪಾತ್ ಸ್ಟ್ರಿಂಗ್‌ಗೆ ಅಂಟಿಸೋ ಸ್ಕ್ರಿಪ್ಟ್ ಇದ್ರೆ ದಯವಿಟ್ಟು ಇವತ್ತೇ ತೆಗೀರಿ.

ಡಬಲ್ ಸ್ಲ್ಯಾಶ್ ಬಗ್ಗೆ ಒಂದ್ ಮಾತು. ಎಲ್ಲಿದ್ರೂ ಹುಡುಕು ಅನ್ನೋ ಸೌಕರ್ಯ ಅದು, ಆದ್ರೆ ಡಿವೈಸ್ ಇಡೀ ಮರ ಹತ್ತಿ ಇಳೀಬೇಕು. ಕಾನ್ಫಿಗ್ ಮೇಲೆ ಪರವಾಗಿಲ್ಲ ಅನ್ನಬಹುದು, ಸ್ಟೇಟ್ ಡೇಟಾ ಮೇಲೆ ಕೇಳಿದ್ರೆ ಒಂದೊಂದು ಫೀಚರ್‌ನೂ ತಟ್ಟಿ ಎಬ್ಬಿಸಿ ಕೌಂಟರ್ ಕೇಳಿ ತಂದು ಆಮೇಲೆ ಬಿಸಾಕೋ ಡಿವೈಸ್‌ಗಳಿವೆ, ಕಾಯ್ತಾ ಕೂರಬೇಕಾಯ್ತು.

ಈಗ ತಪ್ಪು ಕೊಟ್ಟು ನೋಡಿದ ಟೆಸ್ಟ್‌ಗೆ ಬರೋಣ. ಸಬ್‌ಟ್ರೀನಲ್ಲಿ ಇಲ್ಲದ ಹೆಸರು ಕೊಟ್ಟೆ, ಖಾಲಿ ಡೇಟಾ ಟ್ಯಾಗ್ ಬಂತು, ಎರರ್ ಇಲ್ಲ. ನೇಮ್‌ಸ್ಪೇಸ್‌ನಲ್ಲಿ ಒಂದಕ್ಷರ ಕೆಡಿಸಿ ಕೊಟ್ಟೆ, ಅದೇ ಖಾಲಿ ಡೇಟಾ ಟ್ಯಾಗ್. ಎಕ್ಸ್‌ಪಾತ್‌ನಲ್ಲಿ ಇಲ್ಲದ ಹೆಸರಿಗೂ ಖಾಲಿ. ಅನುಮತಿ ಇಲ್ಲದ ಯೂಸರ್‌ನಿಂದ ಕೇಳಿದೆ, ಆಗಲೂ ಖಾಲಿ, ಯಾಕಂದ್ರೆ ಆರ್‌ಎಫ್‌ಸಿ 8341ರ ನ್ಯಾಕಮ್ (ಯಾರು ಏನು ಓದಬಹುದು ಬರೆಯಬಹುದು ಅನ್ನೋ) ನಿಯಮದ ಪ್ರಕಾರ ಓದೋ ಹಕ್ಕಿಲ್ಲದ ಡೇಟಾವನ್ನ ಸದ್ದಿಲ್ಲದೆ ಬಿಟ್ಬಿಡ್ಬೇಕು, ಎರರ್ ಕೊಡೋಹಾಗಿಲ್ಲ. ಅಂದ್ರೆ "ಇಲ್ಲ", "ತಪ್ಪಾಗಿ ಕೇಳಿದ್ದೀಯ", "ನಿಂಗೆ ಹಕ್ಕಿಲ್ಲ" ಈ ಮೂರೂ ನಿಮ್ಮ ಸ್ಕ್ರಿಪ್ಟ್‌ಗೆ ಒಂದೇ ಥರ ಕಾಣುತ್ತೆ. ಆಡಿಟ್ ಸ್ಕ್ರಿಪ್ಟ್ ಒಂದು "ಈ ಎಸಿಎಲ್ (ಟ್ರಾಫಿಕ್ ಬಿಡೋ ತಡೆಯೋ ಪಟ್ಟಿ) ಯಾವ ರೂಟರ್‌ನಲ್ಲೂ ಇಲ್ಲ" ಅಂತ ಹಸಿರು ಟಿಕ್ ಹಾಕಿದ್ರೆ ಅದನ್ನ ನಂಬೋದು ಹೇಗೆ? ನಾನೀಗ ಮಾಡೋದು ಇಷ್ಟು, ಪ್ರತೀ ಫಿಲ್ಟರ್ ಜೊತೆ ಖಂಡಿತ ಇರ್ಲೇಬೇಕಾದ ಒಂದು ರೆಕಾರ್ಡನ್ನೂ ಕೇಳ್ತೀನಿ, ಲೂಪ್‌ಬ್ಯಾಕ್ ಇಂಟರ್‌ಫೇಸೋ ಮ್ಯಾನೇಜ್‌ಮೆಂಟ್ ವಿಆರ್‌ಎಫೋ (ಅದಕ್ಕೇ ಅಂತ ಇರೋ ಪ್ರತ್ಯೇಕ ರೂಟಿಂಗ್ ಟೇಬಲ್), ಅದು ಬರದಿದ್ರೆ ಉಳಿದ ಖಾಲಿಯನ್ನ ಲೆಕ್ಕಕ್ಕೆ ತಗೊಳ್ಳಲ್ಲ.

ನೇಮ್‌ಸ್ಪೇಸ್ ವಿಷ್ಯದಲ್ಲಿ ಸಬ್‌ಟ್ರೀ ಎಕ್ಸ್‌ಪಾತ್ ಎರಡಕ್ಕೂ ಒಂದು ವ್ಯತ್ಯಾಸ ಇದೆ, ಬೆಳಗಿಂದ ಸಂಜೆ ತನಕ ತಲೆ ತಿನ್ನೋಂಥದ್ದು. ಸಬ್‌ಟ್ರೀನಲ್ಲಿ ನೇಮ್‌ಸ್ಪೇಸನ್ನ ಖಾಲಿ ಅಂತ ಸ್ಪಷ್ಟವಾಗಿ ಬರೆದ್ರೆ ಡಿವೈಸ್ ತನಗೆ ಗೊತ್ತಿರೋ ಎಲ್ಲಾ ನೇಮ್‌ಸ್ಪೇಸ್‌ನಲ್ಲೂ ಹುಡುಕ್ಬೇಕು ಅಂತ ಆರ್‌ಎಫ್‌ಸಿ 6241ರಲ್ಲಿದೆ. ಎಕ್ಸ್‌ಪಾತ್ 1.0ರಲ್ಲಿ ಪ್ರಿಫಿಕ್ಸ್ (ಇಲ್ಲಿ ಅಡ್ರೆಸ್ಸಿನದ್ದಲ್ಲ, ಹೆಸರಿನ ಮುಂದೆ ಬರೆಯೋ ನೇಮ್‌ಸ್ಪೇಸ್‌ನ ಅಡ್ಡಹೆಸರು) ಇಲ್ಲದ ಹೆಸರು ಅಂದ್ರೆ ಯಾವ ನೇಮ್‌ಸ್ಪೇಸಿಗೂ ಸೇರದ್ದು ಅಂತ ಅರ್ಥ, ಯಾಂಗ್ ಡೇಟಾದಲ್ಲಿ ಅಂಥ ನೋಡೇ ಇರಲ್ಲ, ಕಟ್ಟುನಿಟ್ಟಾಗಿ ನೋಡಿದ್ರೆ ಉತ್ತರ ಖಾಲಿ. ಕೆಲವು ಸರ್ವರ್‌ಗಳು ದೊಡ್ಡ ಮನಸ್ಸು ಮಾಡಿ ಪ್ರಿಫಿಕ್ಸ್ ಇಲ್ಲದೇನೂ ಅರ್ಥ ಮಾಡ್ಕೊಳ್ಳುತ್ವೆ, ಅಲ್ಲಿ ಓಡಿದ ಸ್ಕ್ರಿಪ್ಟ್ ಪಕ್ಕದ ಡಬ್ಬದಲ್ಲಿ ಓಡಲ್ಲ. ಎನ್‌ಸಿಕ್ಲೈಂಟ್‌ನಲ್ಲಿ ಎಕ್ಸ್‌ಪಾತ್ ಜೊತೆ ಪ್ರಿಫಿಕ್ಸ್ ಮ್ಯಾಪ್ ಕೊಡೋಕೆ ಜಾಗ ಇದೆ, ಯಾವಾಗ್ಲೂ ಕೊಡಿ.

ರೆಸ್ಟ್‌ಕಾನ್ಫ್ ಈ ವಿಷ್ಯದಲ್ಲಿ ನಂಗೆ ತುಂಬ ಇಷ್ಟ ಆಯ್ತು. 2017ರ ಆರ್‌ಎಫ್‌ಸಿ 8040. ಯುಆರ್‌ಎಲ್‌ನಲ್ಲೇ ಇಂಟರ್‌ಫೇಸ್= ಅಂತ ಬರೆದು ಮುಂದೆ ಕೀ, ಅಷ್ಟೇ. ಆ ರೆಕಾರ್ಡ್ ಇಲ್ಲ ಅಂದ್ರೆ 404. ಖಾಲಿ ಮೌನ ಇಲ್ಲ, ಬಾಯಿ ಬಿಟ್ಟು ಹೇಳುತ್ತೆ. ಒಂದು ರೆಕಾರ್ಡ್ ಗುರುತಿಸಿ ಎತ್ತೋ ಕೆಲಸಕ್ಕೆ ನಾಲ್ಕರಲ್ಲಿ ಇದಕ್ಕೇ ನನ್ನ ಓಟು. ಕೀ ಎರಡಿದ್ರೆ ಕಾಮಾ ಹಾಕಿ ಯಾಂಗ್‌ನಲ್ಲಿರೋ ಕ್ರಮದಲ್ಲೇ ಎರಡೂ ಕೊಡ್ಬೇಕು, ಒಂದನ್ನ ಬಿಡೋಹಾಗಿಲ್ಲ. ಇಂಟರ್‌ಫೇಸ್ ಹೆಸರಲ್ಲಿ ಸ್ಲ್ಯಾಶ್ ಇರುತ್ತಲ್ಲ, ಅದನ್ನ %2ಎಫ್ ಅಂತ ಬದಲಾಯಿಸ್ಲೇಬೇಕು, ಇಲ್ಲಾಂದ್ರೆ ಅದನ್ನ ದಾರಿಯ ಮುಂದಿನ ಮೆಟ್ಟಿಲು ಅಂದ್ಕೊಳ್ಳುತ್ತೆ. ಮಧ್ಯದಲ್ಲಿ ರಿವರ್ಸ್ ಪ್ರಾಕ್ಸಿ ಇದ್ರೆ ಅದು %2ಎಫ್ ಅನ್ನ ಮತ್ತೆ ಸ್ಲ್ಯಾಶ್ ಮಾಡಿ ಕಳಿಸೋ ಸಾಧ್ಯತೆ ಇದೆ, ಆಗ ಸರಿ ಇರೋ ರೆಕಾರ್ಡ್‌ಗೂ 404 ಬರುತ್ತೆ, ಪ್ರಾಕ್ಸಿ ಬದಿಗಿಟ್ಟು ನೇರ ಡಿವೈಸ್‌ಗೆ ಒಮ್ಮೆ ಕೇಳಿ ನೋಡಿ.

ಆದ್ರೆ ಬೆಲೆ ನೋಡಿ ಆರಿಸೋದು ರೆಸ್ಟ್‌ಕಾನ್ಫ್‌ಗೆ ಬರಲ್ಲ. ಫೀಲ್ಡ್ಸ್ ಅನ್ನೋ ಪ್ಯಾರಾಮೀಟರ್ ಯಾವ ಕಾಲಂ ಬೇಕು ಅಂತ ಹೇಳೋಕೆ, ಡೆಪ್ತ್ ಎಷ್ಟು ಆಳ ಬೇಕು ಅಂತ ಹೇಳೋಕೆ, ಎರಡೂ ಐಚ್ಛಿಕ ಬೇರೆ. ಫಿಲ್ಟರ್ ಅಂತ ಒಂದು ಪ್ಯಾರಾಮೀಟರ್ ಇದೆ, ಹೆಸರು ನೋಡಿ ಖುಷಿ ಪಡ್ಬೇಡಿ, ಅದು ನೋಟಿಫಿಕೇಶನ್ ಸ್ಟ್ರೀಮ್‌ಗೆ ಮಾತ್ರ. ಇನ್ನೊಂದು, ಕೀ ಕೊಡದೆ ಇಡೀ ಲಿಸ್ಟ್ ಕೇಳಿ ಉತ್ತರ ಎಕ್ಸ್‌ಎಂಎಲ್‌ನಲ್ಲಿ ಬೇಕು ಅಂದ್ರೆ, ಒಂದಕ್ಕಿಂತ ಹೆಚ್ಚು ರೆಕಾರ್ಡ್ ಇದ್ದಾಗ 400 ಕೊಡ್ಲೇಬೇಕು ಅಂತ ನಿಯಮ, ಜೇಸನ್‌ನಲ್ಲಿ ಕೇಳಿ ಅಥವಾ ಮೇಲಿನ ಕಂಟೇನರ್ ಕೇಳಿ.

ಕೀ ಇಲ್ಲದ ಲಿಸ್ಟ್ ಬಗ್ಗೆ ಹೇಳ್ತೀನಿ ಅಂದಿದ್ದೆನಲ್ಲ, ಅದು ರೂಟಿಂಗ್ ಟೇಬಲ್. 2018ರ ಆರ್‌ಎಫ್‌ಸಿ 8349ರ ರೂಟಿಂಗ್ ಮಾಡೆಲ್‌ನಲ್ಲಿ ಆರ್‌ಐಬಿ (ಅದೇ ಟೇಬಲ್) ಒಳಗಿರೋ ರೂಟ್ ಲಿಸ್ಟ್‌ಗೆ ಕೀ ಇಲ್ಲ. ಒಂದೇ ಡೆಸ್ಟಿನೇಶನ್‌ಗೆ ಬೇರೆ ಬೇರೆ ಪ್ರೋಟೋಕಾಲ್‌ನಿಂದ ಹಲವು ರೂಟ್ ಇರಬಹುದು, ಹಾಗಾಗಿ ಡೆಸ್ಟಿನೇಶನ್ ಪ್ರಿಫಿಕ್ಸ್ ಒಂದನ್ನೇ ಗುರುತು ಅಂತ ಇಡೋಕಾಗಲ್ಲ, ಅದು ಅರ್ಥ ಆಗುತ್ತೆ. ಆದ್ರೆ ಪರಿಣಾಮ ಏನು? ರೆಸ್ಟ್‌ಕಾನ್ಫ್ ಯುಆರ್‌ಎಲ್‌ನಲ್ಲಿ ಒಂದು ರೂಟ್ ಬರೆಯೋಕೆ ದಾರಿನೇ ಇಲ್ಲ, ಇಡೀ ಟೇಬಲ್ ಇಳಿಸ್ಬೇಕು, ಪೂರ್ತಿ ಇಂಟರ್ನೆಟ್ ಟೇಬಲ್ ಹೊತ್ತ ರೂಟರ್‌ನಲ್ಲಿ ಇದನ್ನ ಯೋಚ್ನೆನೂ ಮಾಡ್ಬೇಡಿ. ಇಲ್ಲಿ ಸಬ್‌ಟ್ರೀ ಮತ್ತೆ ಎಕ್ಸ್‌ಪಾತ್ ಎರಡೂ ಗೆದ್ವು. ಕೀ ಇಲ್ದಿದ್ರೂ ಡೆಸ್ಟಿನೇಶನ್ ಪ್ರಿಫಿಕ್ಸ್ ಬೆಲೆ ಕೊಟ್ಟು ಹೊಂದಿಸಬಹುದು, ಆ ಡೆಸ್ಟಿನೇಶನ್‌ನ ರೂಟ್‌ಗಳಷ್ಟೂ ಬರುತ್ವೆ. ಆ ಲೀಫ್ ಮಾತ್ರ ಐಪಿವಿ4 ಯೂನಿಕಾಸ್ಟ್ ಮಾಡ್ಯೂಲ್‌ನ ನೇಮ್‌ಸ್ಪೇಸ್‌ನಲ್ಲಿದೆ, ಮೇಲಿನ ರೂಟ್ ಇನ್ನೊಂದರಲ್ಲಿ, ಎರಡನ್ನೂ ಬರೀಬೇಕು. ಐಪಿವಿ6 ಆದ್ರೆ ಅಡ್ರೆಸ್ಸನ್ನ ಚಿಕ್ಕಕ್ಷರದಲ್ಲಿ, ಸೊನ್ನೆಗಳನ್ನ ಮಡಚಿದ ರೂಪದಲ್ಲೇ ಕೊಡಿ, ಅದು ಅದರ ಕ್ಯಾನಾನಿಕಲ್ ಅಂದ್ರೆ ನಿಯಮದ ಪ್ರಕಾರದ ರೂಪ, ಬರೀ ಅಕ್ಷರಕ್ಕೆ ಅಕ್ಷರ ಹೋಲಿಸೋ ಸರ್ವರ್‌ನಲ್ಲಿ ಬೇರೆ ರೂಪ ಕೊಟ್ರೆ ಮತ್ತೆ ಅದೇ ಮೌನ. ಒಂದು ಐಪಿಗೆ ಪ್ಯಾಕೆಟ್ ಯಾವ ರೂಟ್ ಹಿಡಿಯುತ್ತೆ ಅನ್ನೋದು ನಿಮ್ಮ ನಿಜವಾದ ಪ್ರಶ್ನೆ ಆಗಿದ್ರೆ ಫಿಲ್ಟರ್ ಬಿಡಿ, ಅದೇ ಮಾಡೆಲ್‌ನಲ್ಲಿ ಆಕ್ಟಿವ್-ರೂಟ್ ಅಂತ ಆಕ್ಷನ್ ಇದೆ, ಡಿವೈಸ್‌ನಲ್ಲಿದ್ರೆ ಅದನ್ನ ಕರೀರಿ, ಹೊಂದೋವುಗಳಲ್ಲಿ ಅತಿ ಉದ್ದದ ಪ್ರಿಫಿಕ್ಸ್ ಆರಿಸೋ ಲಾಂಗೆಸ್ಟ್ ಮ್ಯಾಚ್ ಮಾಡೋದು ಫಿಲ್ಟರ್‌ನ ಕೆಲಸ ಅಲ್ಲ.

ಜಿಎನ್‌ಎಂಐ ಬಗ್ಗೆ ಕಮ್ಮಿ ಹೇಳ್ತೀನಿ, ಆರಿಸೋ ಶಕ್ತಿಯಲ್ಲಿ ಅದು ಸರಳ. ಪಾತ್‌ನ ಪ್ರತೀ ಮೆಟ್ಟಿಲಿಗೂ ಹೆಸರು ಮತ್ತೆ ಕೀಗಳ ಮ್ಯಾಪು, ಕೀ ಜಾಗದಲ್ಲಿ ನಕ್ಷತ್ರ ಹಾಕಬಹುದು ಅಥವಾ ಕೀ ಬಿಟ್ರೂ ಎಲ್ಲಾ ಅಂತಲೇ ಅರ್ಥ. ಕೀ ಸ್ಟ್ರಿಂಗ್ ಒಳಗೆ ಹುದುಗಿರದೆ ಬೇರೆ ಫೀಲ್ಡ್ ಆಗಿ ಹೋಗೋದ್ರಿಂದ ಸ್ಲ್ಯಾಶ್ ಕೋಟ್ ಗೋಳೇ ಇಲ್ಲ, ಇದು ನಂಗೆ ಬಹಳ ಹಿಡಿಸ್ತು. ಕೀ ಅಲ್ಲದ ಬೆಲೆ ಮೇಲೆ ಸೋಸೋಕೆ ಬರಲ್ಲ. ಓಪನ್‌ಕಾನ್ಫಿಗ್ (ಕಂಪನಿಗಳಿಗೆಲ್ಲ ಸಾಮಾನ್ಯವಾಗಿ ಬರೆದ ಯಾಂಗ್ ಮಾಡೆಲ್‌ಗಳು) ಮಾಡೆಲ್‌ನ ಎಎಫ್‌ಟಿ ಅನ್ನೋ ಫಾರ್ವರ್ಡಿಂಗ್ ಟೇಬಲ್‌ನಲ್ಲಿ ಐಪಿವಿ4 ಎಂಟ್ರಿಗೆ ಪ್ರಿಫಿಕ್ಸೇ ಕೀ, ಹಾಗಾಗಿ ರೆಸ್ಟ್‌ಕಾನ್ಫ್‌ನಲ್ಲಿ ಆಗದೇ ಹೋದ ಒಂದು ರೂಟ್ ಎತ್ತೋ ಕೆಲಸ ಇಲ್ಲಿ ಸಲೀಸಾಗಿ ಆಯ್ತು. ಗೆದ್ದಿದ್ದು ಪ್ರೋಟೋಕಾಲ್‌ಗಿಂತ ಹೆಚ್ಚಾಗಿ ಮಾಡೆಲ್ಲು ಅನ್ನೋದನ್ನ ಗಮನಿಸಿ. ಸಬ್‌ಸ್ಕ್ರೈಬ್ ಮಾಡೋವಾಗ ಇನ್ನೂ ಹುಟ್ಟದೇ ಇರೋ ಇಂಟರ್‌ಫೇಸ್‌ನ ಹೆಸರು ಕೊಟ್ರೂ ಜಿಎನ್‌ಎಂಐ ತಕರಾರು ಮಾಡಲ್ಲ, ಹುಟ್ಟಿದಾಗ ಕಳ್ಸೋಣ ಅಂತ ಕಾಯುತ್ತೆ. ಟೆಲಿಮೆಟ್ರಿಗೆ (ಡಿವೈಸೇ ಅಳತೆಗಳನ್ನ ಕಳಿಸ್ತಾ ಇರೋದಕ್ಕೆ) ಅದೇ ಸರಿ, ಹೆಸರು ತಪ್ಪಾಗಿದ್ರೂ ಅಷ್ಟೇ ತಾಳ್ಮೆಯಿಂದ ಕಾಯುತ್ತೆ ಅನ್ನೋದು ನೆನಪಿರ್ಲಿ.

ಅಳಿಸೋ ವಿಷ್ಯಕ್ಕೆ ಬಂದ್ರೆ ಎಲ್ಲವೂ ಒಂದೇ ಕಡೆ ನಿಲ್ಲುತ್ವೆ. "ಎನೇಬಲ್ಡ್ ಫಾಲ್ಸ್ ಇರೋವೆಲ್ಲ ತೆಗಿ" ಅಂತ ಫಿಲ್ಟರ್ ಕೊಟ್ಟು ಎಡಿಟ್ ಮಾಡೋಕೆ ನೆಟ್‌ಕಾನ್ಫ್‌ನಲ್ಲಿ ದಾರಿ ಇಲ್ಲ, ಮೊದ್ಲು ಓದಿ, ಕೀಗಳನ್ನ ಎತ್ಕೊಂಡು, ಒಂದೊಂದಕ್ಕೂ ಡಿಲೀಟ್ ಬರೀಬೇಕು. ಜಿಎನ್‌ಎಂಐ ಸೆಟ್‌ನ ಡಿಲೀಟ್‌ನಲ್ಲಿ ಕೀ ಜಾಗಕ್ಕೆ ನಕ್ಷತ್ರ ಹಾಕಬಹುದು, ಆದ್ರೆ ಬೆಲೆ ನೋಡಿ ಅಳಿಸೋಕೆ ಅಲ್ಲೂ ಬರಲ್ಲ. ನಂಗಿದು ಸರಿ ಅನ್ಸುತ್ತೆ, ಬರೆಯೋವಾಗ ಗುರುತು ಖಚಿತವಾಗಿರ್ಲಿ. ಇಲ್ಲಿ ನೆಟ್‌ಕಾನ್ಫ್‌ನ ಡಿಲೀಟ್ ಮತ್ತೆ ರಿಮೂವ್ ಎರಡರಲ್ಲಿ ಆರಿಸೋ ಅವಕಾಶ ಇದೆ, ರೆಕಾರ್ಡ್ ಇಲ್ಲ ಅಂದ್ರೆ ಡಿಲೀಟ್ ಡೇಟಾ-ಮಿಸ್ಸಿಂಗ್ ಅಂತ ಎರರ್ ಕೊಡುತ್ತೆ, ರಿಮೂವ್ ಸುಮ್ನಿರುತ್ತೆ. ನಾನು ಡಿಲೀಟ್ ಪರ.

ಸದ್ಯಕ್ಕೆ ನನ್ನ ಸ್ಕ್ರಿಪ್ಟ್‌ಗಳಲ್ಲಿ ಬೆರಕೆ ನೆಟ್‌ವರ್ಕ್ ಮೇಲೆ ಓಡೋವೆಲ್ಲ ಸಬ್‌ಟ್ರೀ, ಎಕ್ಸ್‌ಪಾತ್ ನನ್ನ ಟರ್ಮಿನಲ್‌ನಲ್ಲಿ ಕೈಯಾರೆ ಹುಡುಕೋಕೆ, ಒಂದು ರೆಕಾರ್ಡ್ ಇದ್ಯಾ ಇಲ್ವಾ ಅನ್ನೋ ಚೆಕ್‌ಗೆ ರೆಸ್ಟ್‌ಕಾನ್ಫ್, ಕೌಂಟರ್‌ಗಳಿಗೆ ಜಿಎನ್‌ಎಂಐ. ಇನ್ನೂ ಗಟ್ಟಿಯಾಗಿ ಬಗೆಹರೀದೇ ಇರೋದು ಡಿಫಾಲ್ಟ್ ಬೆಲೆಗಳದ್ದು. ಇಂಟರ್‌ಫೇಸ್ ಮಾಡೆಲ್‌ನಲ್ಲಿ ಎನೇಬಲ್ಡ್‌ನ ಡಿಫಾಲ್ಟ್ ಟ್ರೂ. ಯಾರೂ ಬರೆಯದೇ ಇದ್ದಾಗ ಎನೇಬಲ್ಡ್ ಟ್ರೂ ಇರೋವು ಕೊಡು ಅಂದ್ರೆ ಆ ಇಂಟರ್‌ಫೇಸ್ ಬರ್ಬೇಕಾ ಬೇಡ್ವಾ? ಆರ್‌ಎಫ್‌ಸಿ 6243ರ ವಿತ್-ಡಿಫಾಲ್ಟ್ಸ್ ಪ್ರಕಾರ ಒಂದೊಂದು ಸರ್ವರ್‌ಗೂ ತನ್ನದೇ ಮೂಲ ಮೋಡ್ ಇರುತ್ತೆ, ರಿಪೋರ್ಟ್-ಆಲ್ (ಡಿಫಾಲ್ಟೂ ಸೇರಿ ಎಲ್ಲಾ ತೋರ್ಸೋದು), ಟ್ರಿಮ್ (ಡಿಫಾಲ್ಟ್‌ಗೆ ಸಮ ಇರೋವನ್ನ ಬಿಡೋದು), ಎಕ್ಸ್‌ಪ್ಲಿಸಿಟ್ (ಕೈಯಾರೆ ಬರೆದಿದ್ದನ್ನ ತೋರ್ಸೋದು) ಅಂತ, ಹಲೋ ಮೆಸೇಜ್‌ನಲ್ಲಿ ಹೇಳ್ಕೊಳ್ಳುತ್ತೆ. ನನ್ನ ಲ್ಯಾಬ್‌ನಲ್ಲೇ ಒಂದೇ ಫಿಲ್ಟರ್‌ಗೆ ಒಂದು ಡಬ್ಬ ಎಲ್ಲಾ ಇಂಟರ್‌ಫೇಸ್ ಕೊಡ್ತು, ಇನ್ನೊಂದು ಕೈಯಾರೆ ಬರೆದಿದ್ದವನ್ನ ಮಾತ್ರ ಕೊಡ್ತು. ಅದಕ್ಕೇ ಬೆಲೆ ಮೇಲೆ ಸೋಸೋ ಫಿಲ್ಟರ್ ಬರೆಯೋ ಮುಂಚೆ ಎಲ್ಲವನ್ನೂ ಡಿಫಾಲ್ಟ್‌ನಲ್ಲೇ ಬಿಟ್ಟಿರೋ ಒಂದು ಇಂಟರ್‌ಫೇಸ್ ಇಟ್ಕೊಂಡು, ವಿತ್-ಡಿಫಾಲ್ಟ್ಸ್ ಕೊಟ್ಟು ಒಮ್ಮೆ, ಕೊಡದೆ ಒಮ್ಮೆ ಕೇಳಿ ನೋಡಿ, ಪ್ರತೀ ಸಾಫ್ಟ್‌ವೇರ್ ಅಪ್‌ಗ್ರೇಡ್ ಆದ್ಮೇಲೂ ಅದೇ ಟೆಸ್ಟ್ ಇನ್ನೊಮ್ಮೆ ಓಡ್ಸಿ.